ವೆಲ್ಡಿಂಕ್ ಪಂಪಿನ ಮುಳ್ಳು

ಜ್ವೊಲ್ಲೆ ಊರಿನಲ್ಲಿ ವೀಬೆ ಟರ್ಪ್‌ಸ್ಟ್ರಾನನ್ನು ಹುಟ್ಟುಹಬ್ಬಕ್ಕೆ ಕರೆದವರಿಗೆ ಒಂದು ಲಾಭವಿತ್ತು. ಕುರ್ಚಿಗಳನ್ನು ದುಂಡಗೆ ಹಾಕಿ, ಎಲ್ಲರೂ ಎಲ್ಲರ ಕೈ ಕುಲುಕಿ, ಒಂದೊಂದು ತುಂಡು ಕೇಕು ಕೈಗೆ ಬಂದ ಮೇಲೆ ಮಳೆ ಗಾಳಿಯ ಮಾತು ಹೇಗೂ ಬೇಗ ಮುಗಿದುಹೋಗುತ್ತದೆ. ಆಗ ಯಾರಾದರೊಬ್ಬರು ತಮ್ಮ ಮನೆಯ ಸೈಕಲ್ ಪಂಪು ಉಸ್ಸೆಂದು ಗಾಳಿ ಬಿಡುತ್ತದೆ, ಹೊಸದು ಯಾವುದು ಕೊಳ್ಳೋಣ ಎಂದು ಕೇಳಿದರೆ ಸಾಕು, ಕಾಫಿ ಎರಡನೇ ಸಲ ಬರುವವರೆಗೆ ಮಾತಿಗೆ ಬರವಿಲ್ಲ. ವೀಬೆಗೆ ತಮಾಷೆ ಗೊತ್ತಿರಲಿಲ್ಲ ಎಂದಲ್ಲ. ಪಂಪಿನ ವಿಷಯಕ್ಕೆ ಬಂದಾಗ ಮಾತ್ರ ಅವನು ತಮಾಷೆ ಮಾಡುತ್ತಿರಲಿಲ್ಲ.

ಹುಟ್ಟಿದ್ದು ಉತ್ತರದ ಫ್ರೀಸ್‌ಲ್ಯಾಂಡಿನಲ್ಲಿ, ಹಾಲಿನ ಹಟ್ಟಿಯಲ್ಲಿ ಕೂಲಿ ಮಾಡುತ್ತಿದ್ದವನ ಮಗನಾಗಿ. ಎಂಜಿನಿಯರಿಂಗ್ ಓದಿದ. ಹಾಲು ಕರೆಯುವ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಕೆಲವು ವರ್ಷ ಇದ್ದ. ಹಸುವಿನ ಕೆಚ್ಚಲಿಗೆ ನೋವಾಗದಂತೆ ಗಾಳಿ ಎಷ್ಟು ಎಳೆಯಬೇಕು, ಎಷ್ಟು ಬಿಡಬೇಕು ಎನ್ನುವುದೇ ಅಲ್ಲಿ ಅವನ ಕೆಲಸ. ಆ ಕಾರ್ಖಾನೆ ಬೇರೆಯವರ ಪಾಲಾದಾಗ ಸೈಕಲ್ ಸವಾರರ ಸಂಘವೊಂದು ತನ್ನ ಮಾಸಪತ್ರಿಕೆಗೆ ಪರೀಕ್ಷಕ ಬೇಕೆಂದು ಕರೆಯಿತು. ಅರ್ಜಿ ಹಾಕಿದವರಲ್ಲಿ ಮಿಕ್ಕವರಿಗೆಲ್ಲ ಸೈಕಲ್ಲಿನ ಮೇಲೆ ಪ್ರೀತಿ ಇತ್ತು. ಗಾಳಿಯನ್ನು ನಂಬಬಾರದು ಎಂದು ಗೊತ್ತಿದ್ದವನು ಇವನೊಬ್ಬನೇ. ಕೆಲಸ ಸಿಕ್ಕಿತು, ಜ್ವೊಲ್ಲೆಗೆ ಬಂದ.

ಸಂಘದ ಕಚೇರಿಯ ಹಿಂದೆ ಒಂದು ಹಳೆಯ ಬೆಣ್ಣೆ ಉಗ್ರಾಣವಿತ್ತು. ಅದೇ ಪರೀಕ್ಷಾ ಕೋಣೆ. ಹಳೆಯ ಕಾರ್ಖಾನೆಯಿಂದ ತಂದ ಮೋಟಾರಿಗೆ ಒಂದು ತೋಳು ಕಟ್ಟಿ, ಪಂಪಿನ ಹಿಡಿಯನ್ನು ಬೇಸರವಿಲ್ಲದೆ ಮೇಲೆ ಕೆಳಗೆ ಮಾಡುವ ಯಂತ್ರವನ್ನು ಮಾಡಿದ. ಕಚೇರಿಯವರು ಅದನ್ನು ಹಸು ಎಂದು ಕರೆದರು, ಆ ಹೆಸರೇ ನಿಂತಿತು. ಪಂಪಿನ ಕೆಳಗಿನ ಪಾದವನ್ನು ಮೆಟ್ಟಿ ಪರೀಕ್ಷಿಸಲು ಅಪ್ಪನ ಹಟ್ಟಿಯ ರಬ್ಬರ್ ಬೂಟಿಗೆ ಸಿಮೆಂಟು ತುಂಬಿ ಇನ್ನೊಂದು ತೋಳಿಗೆ ಕಟ್ಟಿದ. ಗಾಳಿ ತುಂಬಿಸಲು ಒಂದು ಉಕ್ಕಿನ ಡಬ್ಬಿ, ಅದಕ್ಕೆ ನೇರವಾಗಿ ಜೋಡಿಸಿದ, ಒತ್ತಡವನ್ನು ತಪ್ಪಿಲ್ಲದೆ ತೋರಿಸುವ ಪ್ರಮಾಣದ ಮೀಟರು. ಪಂಪಿನ ಮೀಟರು ಹೇಳುವುದಕ್ಕೂ ಡಬ್ಬಿಯ ಮೀಟರು ಹೇಳುವುದಕ್ಕೂ ತಾಳೆಯಾದರೆ ಪಂಪು ಸತ್ಯವಂತ, ಇಲ್ಲದಿದ್ದರೆ ಸುಳ್ಳುಗಾರ.

ಮನೆಯೂ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ. ಟೈರು ಎಬ್ಬಿಸುವ ಪ್ಲಾಸ್ಟಿಕ್ ಲಿವರುಗಳು ಚಳಿಗೆ ಮುರಿಯುತ್ತವೆಯೇ ಎಂದು ನೋಡಲು ಅವನ್ನು ಫ್ರೀಜರಿನಲ್ಲಿ ಬಟಾಣಿಯ ಪಕ್ಕದಲ್ಲಿ ಇಡುತ್ತಿದ್ದ. ಹೆಂಡತಿ ಫ್ರೌಕೆ ಒಮ್ಮೆ ಬಟಾಣಿಯ ಜೊತೆಗೆ ಒಂದು ಲಿವರನ್ನೂ ಬೇಯಿಸಿಬಿಟ್ಟಳು. ಬಿಸಿಗೆ ಅದು ಬಗ್ಗಲಿಲ್ಲ ಎಂದು ಅದಕ್ಕೆ ಒಂದು ಅಂಕ ಹೆಚ್ಚು ಸಿಕ್ಕಿತು.

ಅವನ ತೀರ್ಪು ಮೂರು ಬಗೆ: ಕೊಳ್ಳಿ, ಯೋಚಿಸಿ, ಬೇಡ. ಬರೆಯುವುದು ಕಡ್ಡಿ ಮುರಿದ ಹಾಗೆ. ಹನ್ನೊಂದು ಕೆಲಸ ಮಾಡುತ್ತೇನೆಂದು ಕೊಚ್ಚಿಕೊಂಡ ಜೇಬಿನ ಉಪಕರಣವೊಂದರ ಬಗ್ಗೆ, ಇದರಲ್ಲಿ ಚೆನ್ನಾಗಿರುವುದು ಇದರ ಚೀಲ ಮಾತ್ರ ಎಂದು ಬರೆದ. ಇನ್ನೊಂದು ಪಂಪಿನ ಬಗ್ಗೆ, ಮೂಗಿಗಿಂತ ಮೂಗುತಿ ಭಾರ ಎನ್ನುವ ಅರ್ಥದಲ್ಲಿ, ಮೀಟರಿಗೆ ಹಾಕಿದ ಶ್ರದ್ಧೆಯ ಕಾಲುಭಾಗವನ್ನು ಪಿಸ್ಟನ್ನಿಗೆ ಹಾಕಿದ್ದರೆ ಗಾಳಿಯಾದರೂ ಹೋಗುತ್ತಿತ್ತು ಎಂದ. ಓದುಗರು ನಕ್ಕರು, ನಂಬಿದರು. ಅಂಗಡಿಯವರು ಪತ್ರಿಕೆಯ ಆ ಪುಟವನ್ನು ಕತ್ತರಿಸಿ ಗಲ್ಲಾದ ಹಿಂದೆ ಅಂಟಿಸಿಕೊಂಡರು.

ಆ ನಂಬಿಕೆಗೆ ತಕ್ಕ ನೇಮವನ್ನೂ ಅವನೇ ಮಾಡಿಕೊಂಡಿದ್ದ. ತಯಾರಕರು ಕಳಿಸಿದ ಮಾಲನ್ನು ಮುಟ್ಟುವುದಿಲ್ಲ, ಎಲ್ಲವನ್ನೂ ಅಂಗಡಿಗೆ ಹೋಗಿ ಸಾಮಾನ್ಯ ಗಿರಾಕಿಯಂತೆ ಕೊಳ್ಳುತ್ತಾನೆ. ತೀರ್ಪು ಅಚ್ಚಾಗುವವರೆಗೆ ಯಾವ ತಯಾರಕನ ಜೊತೆಗೂ ಮಾತಿಲ್ಲ. ಅಚ್ಚಾದ ಮೇಲಂತೂ ಮಾತೇ ಇಲ್ಲ. ಜರ್ಮನಿಯ ಪ್ರತಿನಿಧಿಯೊಬ್ಬ ಚಾಕೊಲೇಟ್ ಡಬ್ಬಿ ಹಿಡಿದುಕೊಂಡು ಬಂದಾಗ ಅವನನ್ನು ಬಾಗಿಲಿನಿಂದಲೇ ಕಳಿಸಿದ. ಆ ಚಾಕೊಲೇಟು ಒಳ್ಳೆಯದೇ ಆಗಿತ್ತು ಎಂದು ಫ್ರೌಕೆ ಬಹಳ ದಿನ ಕೊರಗಿದಳು.

ಜ್ವೊಲ್ಲೆಯಿಂದ ಐಸೆಲ್ ನದಿಯ ದಡ ಹಿಡಿದು ಸೈಕಲ್ ತುಳಿದರೆ ಕಾಂಪೆನ್ ಊರು. ಅಲ್ಲಿ ವೆಲ್ಡಿಂಕ್ ಎನ್ನುವ ಸಣ್ಣ ಪಂಪು ಕಾರ್ಖಾನೆಯೊಂದಿತ್ತು. ಒಂಬತ್ತು ಜನ ಕೆಲಸಗಾರರು. ಮುದುಕ ವೆಲ್ಡಿಂಕ್ ತೀರಿಕೊಂಡ ಮೇಲೆ ಮಗಳು ಅಲೈಡಾ ಅದನ್ನು ನಡೆಸುತ್ತಿದ್ದಳು. ಗಟ್ಟಿ ಹೆಂಗಸು, ಮಾತು ಕಡಿಮೆ, ಆಡಿದರೆ ಖಾರ. ಅಪ್ಪ ಸಾಯುವ ಮುಂಚೆ ಒಂದು ಹೊಸ ಮೀಟರು ಮಾಡಿಟ್ಟಿದ್ದ. ಅದನ್ನು ಹಾಕಿದ ಪಂಪು ಬಂದ ವರ್ಷವೇ ದೇಶದ ದೊಡ್ಡ ಸೈಕಲ್ ಅಂಗಡಿ ಸರಣಿಯೊಂದು ತನ್ನ ಎಲ್ಲ ಅಂಗಡಿಗಳಿಗೂ ಅದನ್ನೇ ತರಿಸಿತು. ಕಾರ್ಖಾನೆ ಮೊದಲ ಸಲ ನೆಮ್ಮದಿಯಾಗಿ ಉಸಿರಾಡಿತು.

ವೀಬೆ ಆ ಪಂಪನ್ನು ಡಬ್ಬಿಗೆ ಜೋಡಿಸಿ ನೋಡಿದ. ಡಬ್ಬಿಯಲ್ಲಿ ನಾಲ್ಕು ಬಾರ್ ಒತ್ತಡವಿದ್ದಾಗ ವೆಲ್ಡಿಂಕ್ ಪಂಪಿನ ಮುಳ್ಳು ಮೂರು ದಾಟಿ ಸ್ವಲ್ಪ ಮುಂದೆ ನಿಂತಿತ್ತು. ಇನ್ನೊಂದು ಪಂಪು ತಂದ, ಅದೂ ಹಾಗೆಯೇ. ಮೂರನೆಯದೂ ಹಾಗೆಯೇ. ಒಂದು ಪಂಪಿನ ಮೀಟರು ತಪ್ಪಿದರೆ ಅದು ಅಜಾಗ್ರತೆ, ಎಲ್ಲವೂ ಒಂದೇ ಅಳತೆಯಲ್ಲಿ ತಪ್ಪಿದರೆ ಅದು ಸುಳ್ಳನ್ನೇ ಅಭ್ಯಾಸ ಮಾಡಿಕೊಂಡಿದ್ದು ಎಂದು ಬರೆದ. ತೀರ್ಪು: ಬೇಡ.

ಪತ್ರಿಕೆ ಬಂದ ವಾರವೇ ಅಲೈಡಾ ವೆಲ್ಡಿಂಕ್ ಉಗ್ರಾಣದ ಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ಪಂಪು, ಇನ್ನೊಂದು ಕಂಕುಳಲ್ಲಿ ಸೈಕಲ್ಲಿನ ಚಕ್ರ. ಒಳಗೆ ಬಂದು ತೋರಿಸಬಹುದೇ ಎಂದು ಕೇಳಿದಳು. ವೀಬೆ ಬಾಗಿಲಿಗೆ ಅಡ್ಡ ನಿಂತು, ಅಚ್ಚಾದ ತೀರ್ಪಿನ ಮೇಲೆ ಚರ್ಚೆ ಇಲ್ಲ, ಇದು ಎಲ್ಲರಿಗೂ ಒಂದೇ ನೇಮ ಎಂದ. ಅವಳು ಅವನನ್ನೂ ನೋಡಿದಳು, ಅವನ ಭುಜದ ಮೇಲಿಂದ ಮೇಜಿನ ಮೇಲಿದ್ದ ಉಕ್ಕಿನ ಡಬ್ಬಿಯನ್ನೂ ನೋಡಿದಳು.

"ಟರ್ಪ್‌ಸ್ಟ್ರಾ ಅವರೇ, ಆ ಡಬ್ಬಿ ಮೇಲೆ ಕೂತು ಯಾರೂ ಆಫೀಸಿಗೆ ಹೋಗಲ್ಲ" ಎಂದಳು. ಚಕ್ರವನ್ನು ಸರಿಯಾಗಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಎಂದುಕೊಂಡ ವೀಬೆ. ಬಾಗಿಲು ಹಾಕಿಕೊಂಡು ಹಸುವಿಗೆ ಎಣ್ಣೆ ಬಿಟ್ಟ.

ಅಂಗಡಿ ಸರಣಿಯವರು ಆ ಶರತ್ಕಾಲಕ್ಕೇ ವೆಲ್ಡಿಂಕನ್ನು ಕೈಬಿಟ್ಟರು. ವೀಬೆ ಯಾವುದಕ್ಕೆ ಕೊಳ್ಳಿ ಎಂದು ಬರೆದಿದ್ದನೋ ಆ ಪಂಪಿನವರ ಜೊತೆ ಮೂರು ವರ್ಷದ ಒಪ್ಪಂದ ಮಾಡಿಕೊಂಡರು. ಇದನ್ನು ವೀಬೆ ಪತ್ರಿಕೆಯಲ್ಲೇ ಓದಿದ. ಗಿರಾಕಿಗೆ ಒಳ್ಳೆಯದಾಯಿತು ಎಂದು ಅವನಿಗೆ ಮನಸ್ಸಿನಲ್ಲಿ ಸಂತೋಷವೇ ಆಯಿತು.

ಅವನ ಮನೆಯ ಸೈಕಲ್ ಕೊಟ್ಟಿಗೆಯಲ್ಲಿ ಇದ್ದದ್ದೂ ಅದೇ ಹೊಸ ಮೀಟರಿನ ವೆಲ್ಡಿಂಕ್ ಪಂಪೇ. ಫ್ರೌಕೆ ಕಾಂಪೆನ್ನಿನ ಸಂತೆಯಲ್ಲಿ ತಾನೇ ಕೊಂಡು ತಂದದ್ದು. ಅವಳು ಮನೆಮನೆಗೆ ಹೋಗಿ ಮುದುಕರಿಗೆ ಗಾಯ ಕಟ್ಟುವ, ಸೂಜಿ ಹಾಕುವ ನರ್ಸು. ಮಳೆ ಬರಲಿ ಗಾಳಿ ಬರಲಿ ಸೈಕಲ್ಲಿನ ಮೇಲೆಯೇ ಅವಳ ದಿನ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ ಆ ಪಂಪನ್ನು ವೀಬೆ ಒಮ್ಮೆಯೂ ಪರೀಕ್ಷಿಸಿ ನೋಡಿರಲಿಲ್ಲ. ಬೇಡ ಎಂದು ಬರೆದ ಮೇಲೆ ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ಸರಿಯಲ್ಲವೆಂದು ಹಳೆಯ ಸಾಮಾನಿನ ಮೂಲೆಗೆ ತಳ್ಳಿ, ಕೊಳ್ಳಿ ಎಂದು ಬರೆದ ಪಂಪನ್ನು ತಂದಿಟ್ಟ. ಫ್ರೌಕೆ ತನ್ನ ಪಂಪಿನಲ್ಲಿ ಏನು ಕೆಟ್ಟಿತ್ತು ಎಂದು ಕೇಳಿದಳು. ಸುಳ್ಳು ಹೇಳುತ್ತದೆ ಎಂದ. ತನ್ನ ಹತ್ತಿರ ಒಂದು ಸಲವೂ ಹೇಳಿರಲಿಲ್ಲವಲ್ಲ ಎಂದಳು.

ಅದಾಗಿ ಕೆಲವು ತಿಂಗಳಿಗೆ ಓದುಗರಿಂದ ದೂರು ಬರತೊಡಗಿತು. ನೀವು ಹೇಳಿದ ಪಂಪಿನಲ್ಲಿ ನೀವು ಹೇಳಿದಷ್ಟೇ ಗಾಳಿ ಹಾಕಿದರೂ ಟೈರು ಮೆತ್ತಗಿದೆಯಲ್ಲ ಎಂದು. ಈ ದೇಶದಲ್ಲಿ ಮೀಟರು ನೋಡಿ ಗಾಳಿ ಹೊಡೆಯುವವರೇ ಕಡಿಮೆ. ಹೆಬ್ಬೆರಳಿನಿಂದ ಟೈರು ಒತ್ತಿ, ಗಟ್ಟಿ ಎನಿಸಿದರೆ ಹೊರಟರು. ಹೆಬ್ಬೆರಳು ಅಳತೆಯ ಸಾಧನವಲ್ಲ ಎಂದು ವೀಬೆ ಎಲ್ಲರಿಗೂ ಬಿಗಿಯಾಗಿಯೇ ಉತ್ತರ ಬರೆದ.

ಮಾರ್ಚ್ ತಿಂಗಳಲ್ಲಿ ಒಂದು ದಿನ ಫ್ರೌಕೆ ಸೈಕಲ್ಲನ್ನು ನೂಕಿಕೊಂಡು ಮನೆಗೆ ಬಂದಳು. ಸೇತುವೆಯ ಇಳಿಜಾರಿನಲ್ಲಿ ಕಲ್ಲಿನ ಅಂಚಿಗೆ ಹಿಂದಿನ ಚಕ್ರ ಬಡಿದು ಟ್ಯೂಬು ಒಡೆದಿತ್ತು. ಅಕ್ಕಪಕ್ಕ ಎರಡು ಸೀಳು, ಹಾವು ಕಚ್ಚಿದ ಹಾಗೆ. ಗಾಳಿ ಕಡಿಮೆಯಿದ್ದರೆ ಮಾತ್ರ ಹಾಗಾಗುತ್ತದೆ. ಇನ್ಸುಲಿನ್ನಿಗಾಗಿ ಕಾಯುತ್ತಿದ್ದ ಅಜ್ಜಿಯೊಬ್ಬಳು ಅವತ್ತು ಬಹಳ ಹೊತ್ತು ಕಾಯಬೇಕಾಯಿತು.

ವೀಬೆ ಮೊದಲು ಕೇಳಿದ್ದು, ಗಾಳಿ ಎಷ್ಟು ಹಾಕಿದ್ದೆ ಎಂದು.

"ನಾಲ್ಕು" ಎಂದಳು ಫ್ರೌಕೆ. "ನಿನ್ನ ಸತ್ಯವಂತ ಪಂಪು ನಾಲ್ಕು ಅಂದ್ಮೇಲೇ ನಿಲ್ಲಿಸಿದ್ದು. ಇವತ್ತು ಬೆಳಿಗ್ಗೆ ಹಾಕಿದ್ದು. ನನ್ನ ಹೆಬ್ಬೆರಳು ಬೇಡ ಬೇಡ ಅಂತಿತ್ತು, ನಾನೇ ಕೇಳಲಿಲ್ಲ. ಗಂಡ ಎಂಜಿನಿಯರ್ ಅಲ್ವಾ."

ವೀಬೆ ಮುಂದಿನ ಚಕ್ರವನ್ನು ಒತ್ತಿ ನೋಡಿದ. ಮೆತ್ತಗಿತ್ತು. ಒತ್ತಿದ ಬೆರಳನ್ನು ಹಾಗೆಯೇ ಇಟ್ಟುಕೊಂಡು ಅಲ್ಲೇ ನಿಂತುಬಿಟ್ಟ. ಅವನ ಕಣ್ಣು ಹೋದದ್ದು ಚಕ್ರದಿಂದ ಹೊರಬಂದ ಆ ಸಣ್ಣ ಕಡ್ಡಿಯ ಮೇಲೆ, ವಾಲ್ವಿನ ಮೇಲೆ. ಈ ದೇಶದ ಪ್ರತಿ ಮನೆಯ ಸೈಕಲ್ಲಿನಲ್ಲೂ ಇರುವ ಹಳೇ ಬಗೆಯ ವಾಲ್ವು ಅದು. ಒಳಗೆ ಒಂದು ತುಂಡು ರಬ್ಬರು ಗಾಳಿಯ ದಾರಿಯನ್ನು ಮುಚ್ಚಿಕೊಂಡಿರುತ್ತದೆ. ಅದನ್ನು ತಳ್ಳಿಕೊಂಡು ಒಳಗೆ ಹೋಗುವುದಕ್ಕೇ ಗಾಳಿಗೆ ಒಂದಿಷ್ಟು ಶಕ್ತಿ ಬೇಕು. ಅಂದರೆ ಪಂಪಿನ ಪೈಪಿನಲ್ಲಿ ನಾಲ್ಕಿದ್ದರೆ ಟೈರಿನಲ್ಲಿ ನಾಲ್ಕಿರುವುದಿಲ್ಲ. ಅವನ ಉಕ್ಕಿನ ಡಬ್ಬಿಗೆ ವಾಲ್ವೇ ಇರಲಿಲ್ಲ. ಅಳತೆ ಶುದ್ಧವಾಗಿರಲಿ ಎಂದು ಅವನೇ ಮೊದಲ ದಿನ ಅದನ್ನು ಕಿತ್ತು ಹಾಕಿದ್ದ.

ಮರುದಿನ ಒಂದು ಟ್ಯೂಬಿಗೆ ಎರಡು ಕಡೆ ದಾರಿ ಮಾಡಿದ. ಒಂದು ಕಡೆ ಮನೆಮನೆಯ ಆ ಹಳೇ ವಾಲ್ವು, ಇನ್ನೊಂದು ಕಡೆ ತನ್ನ ಪ್ರಮಾಣದ ಮೀಟರು. ಕೊಳ್ಳಿ ಎಂದು ಬರೆದ ಪಂಪಿನ ಮುಳ್ಳು ನಾಲ್ಕು ಎಂದಾಗ ಟೈರಿನಲ್ಲಿ ಇದ್ದದ್ದು ಮೂರು ಚಿಲ್ಲರೆ. ಕಪಾಟಿನಲ್ಲಿದ್ದ ಪಂಪುಗಳನ್ನೆಲ್ಲ ಒಂದೊಂದಾಗಿ ಹಚ್ಚಿದ, ಎಲ್ಲವೂ ಅದೇ ರೀತಿ ಇಲ್ಲದ ಗಾಳಿಯನ್ನು ಇದೆ ಎಂದವು. ಬೇಡ ಎಂದು ಬರೆದ ಪಂಪುಗಳನ್ನು ಅವನು ಕಪಾಟಿನಲ್ಲಿ ಇಡುತ್ತಿರಲಿಲ್ಲ. ಕೊನೆಗೆ ಮನೆಗೆ ಹೋಗಿ ಹಳೆಯ ಸಾಮಾನಿನ ಮೂಲೆಯಿಂದ ಫ್ರೌಕೆಯ ವೆಲ್ಡಿಂಕ್ ಪಂಪನ್ನು ತಂದು ಹಚ್ಚಿದ. ಅದರ ಮುಳ್ಳು ನಾಲ್ಕು ಎಂದಿತು. ಟೈರೂ ನಾಲ್ಕು ಎಂದಿತು. ಮುದುಕ ವೆಲ್ಡಿಂಕ್ ತನ್ನ ಮೀಟರನ್ನು ಸೈಕಲ್ಲಿನ ಚಕ್ರದ ಮೇಲೆಯೇ ಕೂರಿಸಿ, ವಾಲ್ವು ತಿನ್ನುವಷ್ಟನ್ನು ಮೊದಲೇ ಕಳೆದು, ಮುಳ್ಳನ್ನು ಹೊಂದಿಸಿದ್ದ. ಮಗಳು ಚಕ್ರವನ್ನು ಕಂಕುಳಲ್ಲಿಟ್ಟುಕೊಂಡು ಬಂದದ್ದು ಅದನ್ನು ತೋರಿಸುವುದಕ್ಕೇ.

ವೀಬೆಗೆ ನಾಚಿಕೆಯಾಯಿತು. ಕಿವಿಯವರೆಗೂ ಬಿಸಿಯೇರುವಂಥ ನಾಚಿಕೆ. ಅಳತೆ ತಪ್ಪಿದ್ದಕ್ಕಿಂತ ಹೆಚ್ಚಾಗಿ, ಬಾಗಿಲಿಗೆ ಅಡ್ಡ ನಿಂತದ್ದಕ್ಕೆ.

ಪತ್ರಿಕೆಯ ಸಂಪಾದಕ ಬ್ರಾಮ್ ಒಳ್ಳೆಯವನು, ಆದರೆ ಯಾವ ಮಾತನ್ನು ಆಡಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ತಿದ್ದುಪಡಿ ಬೇಕು, ಖಂಡಿತ ಬೇಕು, ಓದುಗರ ಪತ್ರಗಳ ಪುಟದ ಕೆಳಗೆ ನಾಲ್ಕು ಸಾಲು ಹಾಕೋಣ ಎಂದ. ದೊಡ್ಡದಾಗಿ ಹಾಕಿದರೆ ಇಷ್ಟು ವರ್ಷ ಪರೀಕ್ಷಿಸಿದ ಎಲ್ಲ ಮೀಟರುಗಳ ಮೇಲೂ ಸಂಶಯ ಬರುತ್ತದೆ ಎಂದ. ಬರಬೇಕಾದದ್ದೇ ಎಂದ ವೀಬೆ. ಸುಳ್ಳುಗಾರ ಎಂದು ಕರೆದದ್ದು ಯಾವ ಪುಟದಲ್ಲೋ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರಬೇಕು, ಇಲ್ಲದಿದ್ದರೆ ಮುಂದಿನ ತಿಂಗಳ ಪರೀಕ್ಷೆಯನ್ನು ಕೊಡುವುದಿಲ್ಲ ಎಂದು ಹಟ ಹಿಡಿದ. ಬಂತು. ನಾನು ತಪ್ಪು ಅಳೆದೆ ಎನ್ನುವುದೇ ತಲೆಬರಹ.

ಜನ ನಕ್ಕರು. ಮುಂದಿನ ಹುಟ್ಟುಹಬ್ಬದಲ್ಲಿ ದುಂಡಗೆ ಹಾಕಿದ ಕುರ್ಚಿಗಳ ನಡುವೆ ಫ್ರೌಕೆಯ ಚಿಕ್ಕಪ್ಪ ಕೇಕಿನ ತಟ್ಟೆಯನ್ನು ವೀಬೆಯ ಮೂಗಿಗೆ ಹಿಡಿದು, ಇದು ಒಂದು ತುಂಡೋ ಮುಕ್ಕಾಲೋ ಸ್ವಲ್ಪ ಅಳೆದು ಹೇಳಪ್ಪ ಎಂದ. ವೀಬೆ ಎಲ್ಲವನ್ನೂ ಸಹಿಸಿದ. ಕಾಂಪೆನ್ನಿನಿಂದ ಮಾತ್ರ ಒಂದು ಸೊಲ್ಲೂ ಬರಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅಂಗಡಿ ಸರಣಿಯವರ ಒಪ್ಪಂದ ಇನ್ನೂ ಎರಡು ವರ್ಷ ಇತ್ತು, ತಿದ್ದುಪಡಿ ಓದಿ ಅದನ್ನು ಮುರಿಯುವವರು ಅವರಲ್ಲ. ಅವನಿಗೂ ಅದು ಗೊತ್ತಿತ್ತು.

ಮತ್ತೆ ಪಂಪುಗಳ ಸರದಿ ಬಂದಾಗ ವೆಲ್ಡಿಂಕ್ ಹೊಸ ಪಂಪೊಂದನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಒಪ್ಪಂದದ ಕಾಲ ಮುಗಿಯುತ್ತಿತ್ತು. ಅಂಗಡಿ ಸರಣಿಯವರು ಈ ಸಲದ ಪರೀಕ್ಷೆಯನ್ನು ನೋಡಿಯೇ ಯಾರ ಮಾಲು ಎಂದು ತೀರ್ಮಾನಿಸುತ್ತಾರೆ ಎಂಬ ಸುದ್ದಿ ಇತ್ತು. ವೀಬೆ ಪಂಪು ಕೊಂಡು ತಂದ. ಪರೀಕ್ಷಕನಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ಒಂದು ಪಂಪು ಗೆಲ್ಲಲಿ ಎಂದು ಆಸೆಪಟ್ಟ. ಹಾಗೆ ಆಸೆಪಡುವುದು ತಪ್ಪೆಂದು ಗೊತ್ತಿದ್ದೇ ಪಟ್ಟ.

ಮೀಟರು ಚೊಕ್ಕವಾಗಿತ್ತು. ಪೈಪು ಒಳ್ಳೆಯದು, ವಾಷರು ಒಳ್ಳೆಯದು, ಹಸು ಎಷ್ಟು ಎಳೆದಾಡಿದರೂ ಪಿಸ್ಟನ್ ಸೋರಲಿಲ್ಲ. ಕೊನೆಗೆ ಸಿಮೆಂಟಿನ ಬೂಟಿನ ಸರದಿ. ಬೂಟು ಮೆಟ್ಟುತ್ತಾ ಹೋಯಿತು. ಬೇರೆ ಪಂಪುಗಳು ತಡೆದುಕೊಂಡ ಅರ್ಧದಷ್ಟೂ ಆಗಿರಲಿಲ್ಲ, ವೆಲ್ಡಿಂಕ್ ಪಂಪಿನ ಪಾದ ಠಣ್ಣೆಂದು ಎರಡಾಯಿತು.

ವೀಬೆ ಬೂಟನ್ನು ನಿಲ್ಲಿಸಿದ. ಪೆಟ್ಟು ಓರೆಯಾಗಿ ಬಿದ್ದಿರಬೇಕು ಎಂದುಕೊಂಡ. ರೈಲಿನಲ್ಲಿ ಆಸೆನ್ ಊರಿಗೆ ಹೋಗಿ ಬೇರೆ ಅಂಗಡಿಯಿಂದ ಇನ್ನೊಂದು ತಂದ. ಬೂಟನ್ನು ಮಟ್ಟ ಹಿಡಿದು ಸರಿಮಾಡಿ ಕೂರಿಸಿದ. ಅದೂ ಮುರಿಯಿತು. ಗಾಳಿ ಹೊಡೆಯುವವನ ಕಾಲ ಕೆಳಗೆ ಪಾದ ಮುರಿದರೆ ಮನುಷ್ಯ ಮುಂದಕ್ಕೆ ಮುಗ್ಗರಿಸುತ್ತಾನೆ, ಹಿಡಿ ಹಲ್ಲಿಗೋ ಗದ್ದಕ್ಕೋ ಬಡಿಯುತ್ತದೆ. ಇದು ಅಂಕ ಕಳೆದು ಸುಮ್ಮನಾಗುವ ಮಾತಲ್ಲ.

ಬ್ರಾಮ್‌ಗೆ ತೋರಿಸಿದ. ಬ್ರಾಮ್ ಮುರಿದ ತುಂಡುಗಳನ್ನು ತಿರುಗಿಸಿ ನೋಡಿ, ಈ ಸಲ ವೆಲ್ಡಿಂಕನ್ನು ಪಟ್ಟಿಯಲ್ಲೇ ಸೇರಿಸಬೇಡ, ಎಲ್ಲ ಪಂಪನ್ನೂ ಪರೀಕ್ಷಿಸುತ್ತೇವೆಂದು ಯಾರಿಗೂ ಮಾತು ಕೊಟ್ಟಿಲ್ಲವಲ್ಲ ಎಂದ. ನೀನು ಹಗೆ ಸಾಧಿಸುತ್ತಿದ್ದೀಯ ಎಂದು ಜನ ಆಡಿಕೊಳ್ಳುವುದೂ ತಪ್ಪುತ್ತದೆ, ಆ ಹೆಂಗಸೂ ಬದುಕಿಕೊಳ್ಳುತ್ತಾಳೆ ಎಂದ. ಅಡ್ಡಗೋಡೆಯ ದೀಪ ಈ ಸಲ ಸ್ಪಷ್ಟವಾಗಿಯೇ ದಾರಿ ತೋರಿಸಿತ್ತು. ವೀಬೆಗೆ ಆ ದಾರಿ ಹಿಡಿಯಬೇಕೆಂದು ತುಂಬ ಅನ್ನಿಸಿತು.

ಮನೆಯಲ್ಲಿ ಊಟಕ್ಕೆ ಕೂತಾಗ ಆಲೂಗಡ್ಡೆಯನ್ನು ತಟ್ಟೆಯಲ್ಲಿ ಅತ್ತಿಂದಿತ್ತ ದಬ್ಬುತ್ತಿದ್ದ. ಫ್ರೌಕೆ ವಿಷಯ ಕೇಳಿ ತಿಳಿದುಕೊಂಡಳು.

"ಹೋದ್ಸಲ ಅವಳನ್ನ ಒಳಗೆ ಬಿಡದೆ ಬರೆದೆ" ಎಂದಳು. "ಈ ಸಲ ಬರೀತೀಯೋ ಬಿಡ್ತೀಯೋ, ಮೊದಲು ಹೋಗಿ ಅವಳ ಮುಖ ನೋಡಿ ಹೇಳಿ ಬಾ. ನೇಮವಂತೆ ನೇಮ. ಅದನ್ನ ಮಾಡಿದೋನು ನೀನೇ ತಾನೆ?"

ಮರುದಿನ ವೀಬೆ ಮುರಿದ ಪಾದವನ್ನು ಚೀಲದಲ್ಲಿ ಹಾಕಿಕೊಂಡು ಕಾಂಪೆನ್ನಿನ ದಾರಿ ಹಿಡಿದ. ನದಿಯ ಏರಿಯ ಮೇಲೆ ಎದುರುಗಾಳಿ. ತುಳಿಯುತ್ತಾ ಹೇಳಬೇಕಾದ ಮಾತನ್ನು ಹತ್ತು ಬಗೆಯಲ್ಲಿ ಕಟ್ಟಿದ, ಒಂದೂ ಸರಿಹೋಗಲಿಲ್ಲ.

ವೆಲ್ಡಿಂಕ್ ಕಾರ್ಖಾನೆಯಲ್ಲಿ ಆಗ ಉಳಿದಿದ್ದವರು ಐದೇ ಜನ. ಅಲೈಡಾ ಅವನನ್ನು ನೋಡಿ ಆಶ್ಚರ್ಯಪಡಲಿಲ್ಲ. ಆಫೀಸಿನಲ್ಲಿ ಕೂರಿಸಿ ಕಾಫಿ ಕೊಟ್ಟಳು, ಡಬ್ಬಿಯಿಂದ ಒಂದು ಬಿಸ್ಕತ್ತು ಕೊಟ್ಟು ಮುಚ್ಚಳ ಹಾಕಿದಳು. ವೀಬೆ ಮಾತು ಕಟ್ಟುವುದನ್ನು ಬಿಟ್ಟು ಚೀಲದಿಂದ ತುಂಡುಗಳನ್ನು ತೆಗೆದು ಮೇಜಿನ ಮೇಲಿಟ್ಟ. ಎರಡು ಪಂಪು, ಎರಡೂ ಹೀಗೇ ಆಯಿತು ಎಂದ.

ಅವಳು ಮುರಿದ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಲೋಹದೊಳಗೆ ಸಣ್ಣ ಸಣ್ಣ ಗುಳ್ಳೆಗಳು ಅವನಿಗೂ ಕಾಣುತ್ತಿದ್ದವು.

"ಎರಕ ಚೆನ್ನಾಗಿಲ್ಲ" ಎಂದಳು. "ಅಪ್ಪನ ಕಾಲದಿಂದ ಗಡಿ ಹತ್ರದ ಹಳೇ ಎರಕದವರ ಹತ್ರ ಮಾಡಿಸ್ತಿದ್ವಿ. ಅವರು ಸಾವಿರಗಟ್ಟಲೆ ಪಾದ ಕೇಳಿದ್ರೆ ಮಾತ್ರ ಮಾಡಿಕೊಡೋರು. ಅಂಗಡಿಯವರು ಬಿಟ್ಟ ಮೇಲೆ ನಮಗೆ ಅಷ್ಟು ಎಲ್ಲಿಂದ ಬೇಕಾಗುತ್ತೆ? ಅವರೂ ಆಗಲ್ಲ ಅಂದ್ರು. ಕಡಿಮೆ ಕೇಳಿದ್ರೂ ಮಾಡಿಕೊಡ್ತೀವಿ ಅಂದೋರು ಇವರು."

ವೀಬೆಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ತನ್ನ ಡಬ್ಬಿಯ ತಪ್ಪಿಗೆ ಅವಳ ಪಂಪಿಗೆ ಬರೆ ಎಳೆದಿದ್ದ. ಈಗ ಆ ಬರೆಯೇ ಹುಣ್ಣಾಗಿ ಮೇಜಿನ ಮೇಲೆ ಎರಡು ತುಂಡಾಗಿ ಬಿದ್ದಿತ್ತು. ಮೊದಲು ಈ ಪಂಪಿನಲ್ಲಿ ದೋಷವಿರಲಿಲ್ಲ. ಇದೆ ಎಂದು ಅವನು ಬರೆದ, ಬರೆದದ್ದರಿಂದಲೇ ದೋಷ ಬಂತು.

"ಅಂದ್ರೆ ಇದು ನನ್ನಿಂದ ಆದದ್ದು" ಎಂದ.

"ಎರಕದವರನ್ನ ಹುಡುಕಿದ್ದು ನಾನು. ಬಂದ ಮಾಲನ್ನ ಒಡೆದು ನೋಡದೇ ಇದ್ದದ್ದೂ ನಾನು. ಇದರಲ್ಲಿ ನೀವು ಪಾಲು ಕೇಳ್ಬೇಡಿ." ತುಂಡನ್ನು ಕೆಳಗಿಟ್ಟಳು. "ಶುರುವಾದದ್ದು ಎಲ್ಲಿಂದ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದನ್ನ ಹೇಳಿ ಈಗ ಏನಾಗಬೇಕು."

ವೀಬೆ ಕಾಫಿ ಲೋಟದ ಕಡೆ ನೋಡುತ್ತಾ, ಈ ಸಲ ವೆಲ್ಡಿಂಕನ್ನು ಪಟ್ಟಿಯಿಂದ ಬಿಡಬಹುದೆಂದು ಸಂಪಾದಕರು ಹೇಳುತ್ತಿದ್ದಾರೆ, ಹೊಸ ಪಾದ ಹಾಕಿ ತಂದರೆ ಬರುವ ವರ್ಷ ನೋಡಬಹುದು ಎಂದ. ಸಂಪಾದಕರು ಎಂದು ಹೇಳಿದರೂ ಆಸೆ ಅವನದೂ ಆಗಿತ್ತು, ದನಿಯಲ್ಲಿ ಅದು ಗೊತ್ತಾಗುತ್ತಿತ್ತು.

ಅಲ್ಲಿಯವರೆಗೆ ಏರದಿದ್ದ ಅಲೈಡಾಳ ದನಿ ಆಗ ಏರಿತು.

"ಹೋದ್ಸಲ ಇಲ್ಲದ್ದನ್ನ ಬರೆದು ನನ್ನನ್ನ ಮುಳುಗಿಸಿದ್ರಿ. ಈ ಸಲ ಇದ್ದದ್ದನ್ನ ಮುಚ್ಚಿಟ್ಟು ಎತ್ತೀರಾ? ನಾಳೆ ಯಾರದೋ ಮನೇಲಿ ಇದು ಮುರಿಯುತ್ತೆ. ಯಾರೋ ಹಲ್ಲು ಮುರ್ಕೋತಾರೆ. ಆಗ ಜನ ಏನಂತಾರೆ ಗೊತ್ತಾ? ಟರ್ಪ್‌ಸ್ಟ್ರಾಗೆ ಇದು ಮೊದಲೇ ಗೊತ್ತಿತ್ತು, ಕಾಂಪೆನ್ ಹೆಂಗಸಿನ ಮೇಲೆ ಮರುಕಕ್ಕೆ ಸುಮ್ಮನಿದ್ದ, ಹಂಗಾದ್ರೆ ಅವತ್ತು ತಪ್ಪು ಅಳೆದೆ ಅಂತ ಬರೆದದ್ದೂ ಮರುಕಕ್ಕೇ ಅಂತಾರೆ. ಅಪ್ಪನ ಮೀಟರು ಸರಿ ಇತ್ತು ಅಂತ ಈ ದೇಶದಲ್ಲಿ ಹೇಳಿರೋರು ನೀವೊಬ್ಬರೇ. ನನ್ನ ಹತ್ರ ಉಳಿದಿರೋದು ಅದೊಂದೇ ಮಾತು. ಅದನ್ನೂ ಕೆಡಿಸ್ಬೇಡಿ."

ಅವಳು ಫೋನು ಹತ್ತಿರಕ್ಕೆ ಎಳೆದುಕೊಂಡು ಮೊದಲ ಅಂಗಡಿಯ ಸಂಖ್ಯೆ ಒತ್ತಿದಳು. ಹೊಸ ಪಂಪುಗಳನ್ನು ಮಾರಬೇಡಿ, ಮಾರಿದವನ್ನೂ ವಾಪಸ್ ತರಿಸಿ, ಪಾದ ಮುರಿಯುತ್ತದೆ ಎಂದು ಆ ಕಡೆಯವನಿಗೆ ಹೇಳಿದಳು. ನೆವ ಹೇಳಲಿಲ್ಲ, ಕ್ಷಮಿಸಿ ಎಂದಳು. ಎರಡನೆಯ ಸಂಖ್ಯೆ ಒತ್ತುವ ಮುಂಚೆ ತಲೆಯೆತ್ತಿ, "ಇನ್ನೂ ಕೂತಿದ್ದೀರಲ್ಲ. ಹೋಗಿ ಬರೀರಿ. ಹೋದ್ಸಲ ಬರೆಯೋಕೆ ನನ್ನ ಅಪ್ಪಣೆ ಬೇಕಾಗಿರಲಿಲ್ಲವಲ್ಲ" ಎಂದಳು.

ಅವನು ಬರೆದ. ಮೀಟರು: ನಾವು ಈವರೆಗೆ ಅಳೆದವುಗಳಲ್ಲೇ ಉತ್ತಮ. ಪಾದ: ಮುರಿಯುತ್ತದೆ, ತಯಾರಕರು ತಾವೇ ಮಾಲನ್ನು ವಾಪಸ್ ಕರೆದಿದ್ದಾರೆ. ತೀರ್ಪು: ಬೇಡ. ಅಂಗಡಿ ಸರಣಿಯವರು ಬೇರೆಯವರ ಹತ್ತಿರ ಹೋದರು. ಮುಂದಿನ ಚಳಿಗಾಲದಲ್ಲಿ ವೆಲ್ಡಿಂಕ್ ಕಾರ್ಖಾನೆ ಮುಚ್ಚಿತು. ಮೀಟರಿನ ಅಚ್ಚುಗಳನ್ನು ಜರ್ಮನಿಯ ಪಂಪು ಕಂಪನಿಯೊಂದು ಕೊಂಡಿತು. ಅಲೈಡಾ ಊರಿನ ನೀರು ಸರಬರಾಜು ಇಲಾಖೆಯಲ್ಲಿ ಕೆಲಸಕ್ಕೆ ಸೇರಿದಳು.

ವೀಬೆ ಇನ್ನೂ ಹಲವು ವರ್ಷ ಪರೀಕ್ಷಿಸಿದ, ವಾಲ್ವು ಇರುವ ಟ್ಯೂಬಿನ ಮೇಲೆಯೇ. ತಯಾರಕರು ಬಂದರೆ ಒಳಗೆ ಕರೆದು ಕೂರಿಸುತ್ತಿದ್ದ, ಹೇಳುವುದನ್ನೆಲ್ಲ ಕೇಳುತ್ತಿದ್ದ. ಬರೆಯುವುದನ್ನು ಮಾತ್ರ ಮೊದಲಿನ ಹಾಗೆಯೇ ಬರೆಯುತ್ತಿದ್ದ.

ನಿವೃತ್ತಿಯ ದಿನ ಸಂಘದ ಸಭಾಂಗಣದಲ್ಲಿ ಕಾಫಿ, ಕೇಕು, ಸಾಲು ಕುರ್ಚಿಗಳು. ಬಂದವರೆಲ್ಲ ಅವನ ಕೈ ಕುಲುಕಿ ಅಭಿನಂದನೆ ಎಂದರು, ಫ್ರೌಕೆಯ ಕೈ ಕುಲುಕಿ ಅವಳಿಗೂ ಅಭಿನಂದನೆ ಎಂದರು. ಅಧ್ಯಕ್ಷರು ಭಾಷಣದಲ್ಲಿ, ನಮ್ಮ ವೀಬೆ ಇಡೀ ವೃತ್ತಿಯಲ್ಲಿ ತಪ್ಪಿದ್ದು ಒಂದೇ ಸಲ, ಅದನ್ನೂ ದೊಡ್ಡ ಅಕ್ಷರದಲ್ಲಿ ತಿದ್ದಿಕೊಂಡ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ವೀಬೆ ಎದ್ದು ನಿಂತು, ತಿದ್ದಿಕೊಂಡದ್ದು ಹೌದು, ಆದರೆ ಸರಿಹೋಗಲಿಲ್ಲ ಎಂದ. ಕಾಂಪೆನ್ನಿನ ಆ ಮುರಿದ ಪಾದದ ಕಥೆಯನ್ನು ಇದ್ದ ಹಾಗೆಯೇ ಹೇಳಿ ಕೂತ. ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಬ್ರಾಮ್ ಕೇಕಿನ ತಟ್ಟೆಯನ್ನು ಮುಂದಕ್ಕೆ ದಾಟಿಸಿದ.

ಮನೆಗೆ ಹೋಗುವಾಗ ಫ್ರೌಕೆ ಅವನ ಪಕ್ಕಕ್ಕೆ ಸೈಕಲ್ ತಂದು, "ಕಾಂಪೆನ್ನಿನವಳನ್ನೂ ಕರೆದಿದ್ಯಾ?" ಎಂದು ಕೇಳಿದಳು.

"ಕರೆದಿದ್ದೆ."

"ಅದಕ್ಕೇ ನೀನು ಬಾಗಿಲ ಕಡೆ ನೋಡ್ತಿದ್ದದ್ದು."

"ಅವಳು ಯಾಕೆ ಬರ್ತಾಳೆ" ಎಂದ ವೀಬೆ. ಸ್ವಲ್ಪ ದೂರ ಹೋದ ಮೇಲೆ, "ನಾನಾಗಿದ್ರೂ ಬರ್ತಿರಲಿಲ್ಲ" ಎಂದ.